ನೀರಿನ ಪೈಪಿನ ಎರಡು ತುದಿ

ನಾಲ್ಕು ವರ್ಷ ನಾನು ದಸ್ತಗೀರ ನದಾಫನ ಎದುರಿಗೆ ನಿಂತು ಕೆಲಸ ಮಾಡಿದ್ದೇನೆ. ಆದರೂ ಅವನ ದನಿ ದಪ್ಪವೋ ತೆಳುವೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳಲು ನನಗೆ ಬರುತ್ತಿರಲಿಲ್ಲ.

ಅವನು ಕೃಷ್ಣೆಯ ಉತ್ತರ ದಂಡೆಯ ಕಂಪನಿಗೆ ಮಟ್ಟ ನೋಡುವವನು, ನಾನು ದಕ್ಷಿಣ ದಂಡೆಯ ಕಂಪನಿಗೆ. ಹೊಳೆತುಂಬಗಿಯ ಸೇತುವೆಯನ್ನು ಎರಡು ಕಂಪನಿಗಳು ಎರಡು ಕಡೆಯಿಂದ ಕಟ್ಟುತ್ತಿದ್ದವು. ದಂಡೆಗೊಂದು ದೊಡ್ಡ ಕಂಬ, ಆ ಕಂಬದ ತಲೆಯಿಂದ ನದಿಯ ನಡುವಿಗೆ ಚಾಚಿದ ಒಂದು ಕಾಂಕ್ರೀಟಿನ ತೋಳು. ಕೆಳಗೆ ಆಸರೆ ಎಂಬುದಿಲ್ಲ. ತಿಂಗಳಿಗೊಂದರಂತೆ ಬ್ಲಾಕು ಎರಕ ಹೊಯ್ದು, ಉಕ್ಕಿನ ಕೇಬಲ್ಲಿನಿಂದ ಹಿಂದಿನ ಬ್ಲಾಕಿಗೆ ಬಿಗಿದು, ಮತ್ತೆ ಮುಂದಿನದಕ್ಕೆ ಹೋಗುವುದು. ಮೂವತ್ತು ಬ್ಲಾಕು ಆ ಕಡೆ, ಮೂವತ್ತು ಈ ಕಡೆ. ನಡುವೆ ಉಳಿಯುವ ಆರು ಮೀಟರಿನ ಸಂದನ್ನು ಕೊನೆಗೆ ತುಂಬಿದರೆ ಸೇತುವೆ. ಪ್ರತಿ ಬ್ಲಾಕೂ ನಕ್ಷೆ ಹೇಳಿದ ಎತ್ತರದಲ್ಲೇ ಕೂತಿದೆಯೆ ಎಂದು ನೋಡುವುದು ನನ್ನ ಕೆಲಸ. ನನ್ನ ಹೆಸರು ಕಸ್ತೂರಿ. ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ಮಟ್ಟದ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೂ ಇದೆ.

ನಾವು ಮಾತಾಡದಿದ್ದುದಕ್ಕೆ ಹಳೆಯ ಜಗಳವೇನೂ ಕಾರಣವಲ್ಲ. ಕಾರಣ ನಿಷ್ಪಕ್ಷ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೂರದ ಒಂದು ಊರಿನಲ್ಲಿ ಮೇಲ್ಸೇತುವೆ ಬಿದ್ದಿತ್ತು. ನಕ್ಷೆ ಬರೆದವರು ಕಟ್ಟಿದವರ ಕಡೆ ಬೆರಳು ತೋರಿಸಿದರು, ಕಟ್ಟಿದವರು ಸಿಮೆಂಟು ಕೊಟ್ಟವರ ಕಡೆ, ಅವರು ಮೇಲ್ವಿಚಾರಣೆಯವರ ಕಡೆ. ಹದಿನಾಲ್ಕು ವರ್ಷ ಕೋರ್ಟಿನಲ್ಲಿ ಇದೇ ನಡೆಯಿತು. ಸತ್ತವರ ಮನೆಯವರಿಗೆ ತಪ್ಪು ಯಾರದು ಎಂಬುದೂ ತಿಳಿಯಲಿಲ್ಲ. ಇನ್ನು ಮುಂದೆ ಹೀಗಾಗಬಾರದು ಎಂದು ನಿಷ್ಪಕ್ಷ ಎಂಬ ಒಂದು ಯಂತ್ರ ಮಾಡಿದರು. ಜೋಳದ ಕಾಳಿನಷ್ಟು ದೊಡ್ಡ ಸಂವೇದಕಗಳನ್ನು ಕಾಂಕ್ರೀಟಿನಲ್ಲಿ ಕಲಸಿಬಿಡುತ್ತಾರೆ. ನಾವು ಅವಕ್ಕೆ ಕಿವಿಕಾಳು ಎನ್ನುತ್ತೇವೆ. ತಾನು ಎಲ್ಲಿದ್ದೇನೆ, ಎಷ್ಟು ಕಾವಿನಲ್ಲಿದ್ದೇನೆ, ಎಷ್ಟು ಒತ್ತಡದಲ್ಲಿದ್ದೇನೆ ಎಂದು ಪ್ರತಿ ಕಾಳೂ ಹೇಳುತ್ತಿರುತ್ತದೆ. ನಮ್ಮ ಹೆಲ್ಮೆಟ್ಟಿನಲ್ಲೂ ಒಂದು ಕಿವಿ ಇದೆ, ಅದು ನಮ್ಮ ಮಾತು ಕೇಳುತ್ತದೆ. ಎಲ್ಲವೂ ನಿಷ್ಪಕ್ಷಕ್ಕೆ ಹೋಗುತ್ತದೆ. ಎಲ್ಲಾದರೂ ದೋಷ ಕಂಡರೆ ಅದು ಹೊಣೆಯನ್ನು ನೂರು ಪಾಲು ಮಾಡಿ, ಇವರಿಗಿಷ್ಟು ಅವರಿಗಿಷ್ಟು ಎಂದು ಹಂಚುತ್ತದೆ. ಇಪ್ಪತ್ತು ಪಾಲು ದಾಟಿದವರ ಹೆಸರು ಕಟ್ಟಡ ಕೆಲಸದವರ ಪಟ್ಟಿಯಿಂದ ಹೋಗುತ್ತದೆ. ಆಮೇಲೆ ಆ ಮನುಷ್ಯ ಇಡೀ ದೇಶದಲ್ಲಿ ಎಲ್ಲಿಯೂ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತಿಲ್ಲ.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಮೊದಮೊದಲು ನಾನೂ ಹಾಗೇ ಕೇಳಿದವಳು. ತಪ್ಪು ಇದ್ದುದು ನಿಷ್ಪಕ್ಷದ ನಿಯಮಗಳ ಕಲಂ ಹದಿನೇಳರಲ್ಲಿ. ತಿಳಿಯದೆ ಮಾಡಿದವರಿಗಿಂತ ತಿಳಿದಿದ್ದವರ ಪಾಲು ಹೆಚ್ಚು ಎಂದು ಆ ಕಲಂ ಹೇಳುತ್ತದೆ. ಓದಲು ನ್ಯಾಯವಾಗೇ ಇದೆ. ಆದರೆ 'ಇದ್ಯಾಕೋ ಸರಿ ಇಲ್ಲ' ಎಂದು ಬಾಯಿ ಬಿಟ್ಟವನೇ ಮೊದಲ ತಿಳಿದವನಾದರೆ ಬಾಯಿ ಬಿಡುವವರು ಯಾರು? ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಾಗಿ ನಾವೆಲ್ಲ ಏನನ್ನೂ ತಿಳಿಯದೇ ಇರುವುದನ್ನು ಕಲಿತೆವು. ಸೈಟಿನಲ್ಲಿ ಏನು ಕೇಳಿದರೂ ಬರುವುದು ಒಂದೇ ಉತ್ತರ: 'ನನ್ನ ಗಮನಕ್ಕೆ ಬಂದಿಲ್ಲ.' ಇನ್ನೊಂದು ಕಂಪನಿಯವರೊಡನೆ ಖಾಸಗಿಯಾಗಿ ಮಾತಾಡಿದರಂತೂ ಅದು ಒಳಒಪ್ಪಂದ, ಇಬ್ಬರ ಹೆಸರೂ ಒಟ್ಟಿಗೇ ಹೋಗುತ್ತದೆ.

ನಮ್ಮ ದಂಡೆಯ ಗೌಂಡಿಗಳ ಮೇಸ್ತ್ರಿ ಹುಲಗಪ್ಪನಿಗೆ ಈ ವಿದ್ಯೆ ಒಗ್ಗಲಿಲ್ಲ. ಮೂರು ವರ್ಷದ ಹಿಂದೆ ಕಂಬದ ಕೆಲಸ ನಡೆದಾಗ, ಅಚ್ಚಿನ ಹಲಗೆ ಸಡಿಲ ಅನಿಸುತ್ತದೆ, ಎರಕ ಹೊಯ್ಯಬೇಡಿ ಎಂದು ಹೆಲ್ಮೆಟ್ಟಿನಲ್ಲೇ ಕೂಗಿ ಹೇಳಿದ. ಕೇಳಿದವರೆಲ್ಲ ಕೇಳದಂತೆ ನಿಂತರು. ಹಲಗೆ ಬಿಚ್ಚಿತು, ಅರ್ಧ ದಿನದ ಎರಕ ಹೊಳೆ ಪಾಲಾಯಿತು. ನಿಷ್ಪಕ್ಷ ಲೆಕ್ಕ ಹಾಕಿ ಹುಲಗಪ್ಪನಿಗೆ ಇಪ್ಪತ್ತೆರಡು ಪಾಲು ಕೊಟ್ಟಿತು, ಎಲ್ಲರಿಗಿಂತ ಮೊದಲು ತಿಳಿದವನು ಅವನೇ ತಾನೆ. ನಲವತ್ತು ವರ್ಷ ಕರಣೆ ಹಿಡಿದ ಕೈ ಈಗ ನನ್ನ ಗಂಡ ಬಸಲಿಂಗನ ಖಾನಾವಳಿಯಲ್ಲಿ ಉಳ್ಳಾಗಡ್ಡಿ ಸುಲಿಯುತ್ತದೆ. ಅವತ್ತು ಕೇಳದಂತೆ ನಿಂತವರಲ್ಲಿ ನಾನೂ ಒಬ್ಬಳು. ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಗುರುವಾರ ಮಧ್ಯಾಹ್ನ ಉಪಾಧ್ಯೆಯವರು ನನ್ನನ್ನು ನಿಯಂತ್ರಣ ಕೊಠಡಿಗೆ ಕರೆದರು. ಪದ್ಮರಾಜ ಉಪಾಧ್ಯೆ ಸರಕಾರದ ಕಡೆಯಿಂದ ನಿಷ್ಪಕ್ಷವನ್ನು ನೋಡಿಕೊಳ್ಳುವವರು. ನಿಧಾನದ ಮನುಷ್ಯ, ಕನ್ನಡಕವನ್ನು ಸದಾ ಒರೆಸುತ್ತಿರುತ್ತಾರೆ. ಅಂದು ಎರಡೂ ತೋಳುಗಳ ತುದಿಯನ್ನು ಲೇಸರಿನಿಂದ ಮೊದಲ ಸಲ ಮುಖಾಮುಖಿ ಅಳೆದಿದ್ದರು. ನಮ್ಮ ತುದಿ ಆ ಕಡೆಯದಕ್ಕಿಂತ ಎಂಟು ಸೆಂಟಿಮೀಟರ್ ಕೆಳಗಿತ್ತು. ನಾಲ್ಕು ಬೆರಳು. ಎರಡು ಸೆಂಟಿಮೀಟರ್ ಇದ್ದರೆ ಹೊಂದಿಸಬಹುದು, ಎಂಟು ಇದ್ದರೆ ಆಗುವುದಿಲ್ಲ.

ನಿಮ್ಮ ತೋಳು ಭಾರಕ್ಕೆ ಬಾಗಿದೆ ಎಂದು ನಿಷ್ಪಕ್ಷ ಹೇಳುತ್ತಿದೆ ಎಂದರು. ಬಾಗಿದ ತೋಳಿನ ಕಾಂಕ್ರೀಟು ಮೆತ್ತಗಿದೆ ಎಂದು ಅರ್ಥ, ಅದನ್ನು ಎತ್ತಲೂ ಬಾರದು, ಒತ್ತಲೂ ಬಾರದು. ಎರಡೂ ಕಡೆ ಹನ್ನೆರಡು ಹನ್ನೆರಡು ಬ್ಲಾಕು ಕತ್ತರಿಸಿ ತೆಗೆಯಬೇಕು. ಶನಿವಾರ ಗರಗಸ ಬರುತ್ತದೆ. ಹೊಣೆಯ ವಿಚಾರಣೆ ಅದರ ಮುಂದಿನ ವಾರ. ಉತ್ತರದ ತೋಳಿಗೆ ಏನಾಗಿದೆ ಎಂದು ಕೇಳಿದೆ. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹೇಳುವಂತಿಲ್ಲ ಎಂದರು. ಹಾಗೆ ಹೇಳಿ ಕನ್ನಡಕ ಒರೆಸಿದರು.

"ನಿಷ್ಪಕ್ಷಕ್ಕ ಹೊಸಾ ಮಾಹಿತಿ ಬಂದರ ಲೆಕ್ಕಾ ಬದಲಾಗಬಹುದು, ಕಸ್ತೂರಿಬಾಯಿ. ಅದು ಏನು ಅಂತ ನಾ ಕೇಳೂದಿಲ್ಲ. ಕೇಳಿದರ ನಾನೂ ತಿಳದಾವ ಆಗ್ತೀನಿ."

ಹೊರಗೆ ಬಂದೆ. ನಮ್ಮ ತೋಳು ಬಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಇಳಿಸಿದವಳು ನಾನು.

ಎರಡು ವರ್ಷದ ಹಿಂದಿನ ಮಾತು. ಒಂದು ರಜಾ ದಿನ ಹೆಲ್ಮೆಟ್ಟು ಬಿಟ್ಟು, ನನ್ನ ಹಳೆಯ ಮಟ್ಟದ ದುರ್ಬೀನನ್ನು ದಂಡೆಯ ಬಂಡೆಯ ಮೇಲೆ ಇಟ್ಟು ಸುಮ್ಮನೆ ಆ ಕಡೆ ನೋಡುತ್ತಿದ್ದೆ. ಆಗ ಎರಡೂ ಕಡೆ ಹತ್ತು ಹತ್ತು ಬ್ಲಾಕು ಮುಗಿದಿದ್ದವು. ಅವರ ಕಂಬದ ತಲೆ ನಮ್ಮದಕ್ಕಿಂತ ಎಂಟು ಸೆಂಟಿಮೀಟರ್ ತಗ್ಗಿನಲ್ಲಿ ಕಂಡಿತು. ಮೂರು ಸಲ ನೋಡಿದೆ, ಅಷ್ಟೇ. ನಮ್ಮ ನಕ್ಷೆಯಲ್ಲಿ ಒಂದು ಎತ್ತರ, ಅವರ ನಕ್ಷೆಯಲ್ಲಿ ಇನ್ನೊಂದು ಎತ್ತರ ಬಂದಿರಬೇಕು ಎಂದು ಹೊಳೆಯಿತು. ಹೇಳಬೇಕಿತ್ತು. ಹೇಳಿದರೆ ಮೊದಲ ತಿಳಿದವಳು ನಾನು, ಹುಲಗಪ್ಪನ ಪಕ್ಕದಲ್ಲಿ ಇನ್ನೊಂದು ಮಣೆ. ಹೇಳಲಿಲ್ಲ. ಒಂದು ಬ್ಲಾಕಿನಲ್ಲಿ ಐದು ಮಿಲಿಮೀಟರ್ ತನಕದ ವ್ಯತ್ಯಾಸವನ್ನು ನಿಷ್ಪಕ್ಷ ಕೇಳುವುದಿಲ್ಲ. ತೋಳು ತನ್ನ ಭಾರಕ್ಕೆ ಅಷ್ಟಿಷ್ಟು ಬಾಗುವುದು ಸಹಜ ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಹನ್ನೊಂದನೆಯ ಬ್ಲಾಕಿನಿಂದ ನಾಲ್ಕು ನಾಲ್ಕು ಮಿಲಿಮೀಟರ್ ಇಳಿಸುತ್ತ ಹೋದೆ. ಇಪ್ಪತ್ತು ಬ್ಲಾಕಿಗೆ ಎಂಟು ಸೆಂಟಿಮೀಟರ್. ಅವರ ಮಟ್ಟಕ್ಕೆ ಸರಿಯಾಗಿ ಇಳಿದು, ಯಾರಿಗೂ ತಿಳಿಯದಂತೆ ಸೇತುವೆಯನ್ನು ಉಳಿಸುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಈಗ ನೋಡಿದರೆ ನಾನು ಇಳಿದಷ್ಟೇ ಅಂತರ. ಅಂದರೆ ಅವತ್ತು ಬಂಡೆಯ ಮೇಲೆ ನಾನು ನೋಡಿದ್ದೇ ತಪ್ಪಾಗಿತ್ತು. ಸರಿ ಇದ್ದ ತೋಳನ್ನು ನಾನೇ ಕೈಯಾರೆ ಕೆಡಿಸಿದೆ. ದಂಡೆಯಿಂದ ಮನೆಯ ತನಕ ಇದೊಂದೇ ಯೋಚನೆ. ಇನ್ನೂರು ಜನ ನಾಲ್ಕು ವರ್ಷ ಬಿಸಿಲಿನಲ್ಲಿ ಬೆಂದು ಕಟ್ಟಿದ್ದಕ್ಕೆ ಗರಗಸ ಇಡಿಸಿದವಳು ನಾನು ಎಂದುಕೊಂಡಾಗ ಅಳು ಬಂತು. ದಾರಿಯಲ್ಲೇ ಅತ್ತೆ.

ನಮ್ಮ ಮನೆ ಎಂದರೆ ಖಾನಾವಳಿಯ ಹಿಂದಿನ ಎರಡು ಕೋಣೆ. ಕೆಲಸಗಾರರ ಊಟ ಕೆಟ್ಟರೆ ಕೆಲಸ ನಿಲ್ಲುತ್ತದೆ ಎಂದು ಅಡುಗೆಮನೆಯಲ್ಲೂ ಒಲೆಯ ಮೇಲೆ ನಿಷ್ಪಕ್ಷದ ಒಂದು ಸಣ್ಣ ಡಬ್ಬಿ ತೂಗುಹಾಕಿದ್ದಾರೆ. ಗೋಡೆಗೆ ಕಿವಿ ಇದೆ ಎಂದು ಹಿಂದಿನವರು ಸುಮ್ಮನೆ ಹೇಳುತ್ತಿದ್ದರು, ನಾವು ಅದನ್ನು ಮೊಳೆ ಹೊಡೆದು ನೇತುಹಾಕಿಕೊಂಡೆವು. ಮೊದಲು ಬಸಲಿಂಗನ ಅಡುಗೆಮನೆಯೆಂದರೆ ಸಂತೆ. ಈಗ ಸೌಟಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನೂ ಮನೆಯೊಳಗೆ ಹೆಲ್ಮೆಟ್ಟು ಹಾಕಿಕೊಂಡವಳಂತೆ ಮಾತಾಡುತ್ತೇನೆ ಎಂದು ಅವನು ಎಷ್ಟೋ ಸಲ ಹಂಗಿಸಿದ್ದಾನೆ.

ಅವತ್ತು ಸಂಜೆ ಊಟಕ್ಕೆ ಕೂತವಳು ಮೊದಲ ತುತ್ತನ್ನೇ ಉಗುಳಿದೆ. ಬೇಳೆಸಾರು ಉಪ್ಪು ಉಪ್ಪು, ಸಮುದ್ರ. ಸಾಲಿನಲ್ಲಿ ಕೂತ ನಲವತ್ತು ಜನ ನೀರು ಕುಡಿದು ಕುಡಿದು ರೊಟ್ಟಿ ನುಂಗುತ್ತಿದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಸಾರಿಗೆ ಏನಾಗಿದೆ ಎಂದು ಬಸಲಿಂಗನನ್ನು ಕೇಳಿದೆ. ಡಬ್ಬಿಯ ಕಡೆ ಒಂದು ಸಲ ನೋಡಿ, ತನ್ನ ಗಮನಕ್ಕೆ ಬಂದಿಲ್ಲ ಎಂದ. ಹುಲಗಪ್ಪನನ್ನು ಕೇಳಿದೆ. ಅವನ ಗಮನಕ್ಕೂ ಬಂದಿಲ್ಲವಂತೆ, ಇವನೂ ಕಲಿತುಬಿಟ್ಟಿದ್ದಾನೆ. ನನಗೆ ರೇಗಿಹೋಯಿತು. ಇಬ್ಬರ ಕೈಯನ್ನೂ ಹಿಡಿದು ಹಿತ್ತಲಿಗೆ, ಕಟ್ಟಿಗೆಯ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಕಿವಿ ಇರಲಿಲ್ಲ.

ಬಸಲಿಂಗ ತಲೆ ಕೆರೆದುಕೊಂಡು ಹೇಳಿದ. ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಮರೆತವನು ಹುಲಗಪ್ಪ. ಹೇಳಿದರೆ ಡಬ್ಬಿಯಲ್ಲಿ ಅವನ ಹೆಸರಿಗೆ ಇನ್ನೊಂದು ದೋಷ ಬೀಳುತ್ತದೆ ಎಂದು ತಾನೇ ಸುಮ್ಮನೆ ಒಂದು ಹಿಡಿ ಹಾಕಿದ. ಹುಲಗಪ್ಪ ಬಿಟ್ಟ ಕಣ್ಣು ಬಿಟ್ಟಹಾಗೇ ಅವನನ್ನು ನೋಡಿದ.

"ಮರತದ್ದು ನೀ ಅಂತ ತಿಳದು ನಾನೂ ಒಂದ ಹಿಡಿ ಹಾಕೇನಲ್ಲೋ," ಎಂದ.

ಇಬ್ಬರೂ ನಗಲು ಶುರು ಮಾಡಿದರು. ನಾನು ನಗಲಿಲ್ಲ. ಕಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟೆ. ಬಂಡೆಯ ಮೇಲೆ ದುರ್ಬೀನು ಇಟ್ಟುಕೊಂಡು ಆ ದಂಡೆಯನ್ನು ನೋಡಿದವಳು ನಾನೊಬ್ಬಳೇ ಎಂದು ಇಷ್ಟು ದಿನ ತಿಳಿದಿದ್ದೆ. ಆ ಕಡೆಯೂ ಬಂಡೆಗಳಿವೆ, ಆ ಕಡೆಯೂ ಒಬ್ಬ ಮಟ್ಟ ನೋಡುವವನಿದ್ದಾನೆ. ನಮ್ಮ ಕಂಬ ಎಂಟು ಸೆಂಟಿಮೀಟರ್ ಎತ್ತರದಲ್ಲಿರುವುದು ಅವನಿಗೂ ಕಂಡಿರಬೇಕು. ಅವನೂ ಬಾಯಿ ಬಿಡದೆ, ಬ್ಲಾಕಿಗೆ ನಾಲ್ಕರಂತೆ ನಮ್ಮ ಮಟ್ಟಕ್ಕೆ ಏರುತ್ತ ಬಂದಿರಬೇಕು. ನಾನು ಅವನಿಗಾಗಿ ಇಳಿದೆ, ಅವನು ನನಗಾಗಿ ಏರಿದ. ನಡುವೆ ಎಂಟು ಸೆಂಟಿಮೀಟರ್ ಹಾಗೇ ಉಳಿಯಿತು, ತಲೆಕೆಳಗಾಗಿ.

ಹೀಗಿದ್ದರೆ ಎರಡು ತೋಳೂ ಗಟ್ಟಿಯಾಗಿವೆ, ಯಾವುದೂ ಬಾಗಿಲ್ಲ. ಗರಗಸ ಬೇಕಿಲ್ಲ. ಆದರೆ ಇದನ್ನು ನಿಷ್ಪಕ್ಷಕ್ಕೆ ಹೇಳಬಲ್ಲವರು ಇಡೀ ಜಗತ್ತಿನಲ್ಲಿ ಇಬ್ಬರೇ. ಬಾಗಿದ ಬ್ಲಾಕೂ ಬಾಗಿಸಿ ಕಟ್ಟಿದ ಬ್ಲಾಕೂ ಕಿವಿಕಾಳಿಗೆ ಮೇಲ್ನೋಟಕ್ಕೆ ಒಂದೇ. ಕಟ್ಟಿಸಿದವರು ಇದು ಹೀಗೆ ಎಂದು ಹೇಳಿದರೆ ಮಾತ್ರ ಅದು ಒಳಹೊಕ್ಕು ತಾಳೆ ನೋಡೀತು. ನಾನೊಬ್ಬಳೇ ಹೇಳಿದರೆ ಪ್ರಯೋಜನವಿಲ್ಲ, ಅರ್ಧ ಸೇತುವೆ ಗಟ್ಟಿ ಎಂದಾಗುತ್ತದೆ, ಹೆಸರು ಮಾತ್ರ ಪೂರ್ತಿ ಹೋಗುತ್ತದೆ. ಅವನನ್ನು ಗುಟ್ಟಾಗಿ ಕೇಳುವಂತೆಯೂ ಇಲ್ಲ, ಅದು ಒಳಒಪ್ಪಂದ. ಎಲ್ಲರ ಎದುರಿಗೆ, ಹೆಲ್ಮೆಟ್ಟಿನಲ್ಲಿ, ಮೊದಲು ನಾನು ಹೇಳಬೇಕು. ಆಮೇಲೆ ಅವನು ಹೂಂ ಎನ್ನಬೇಕು.

ಹಿತ್ತಲಿನಲ್ಲಿ ಎಲ್ಲವನ್ನೂ ಇಬ್ಬರಿಗೂ ಹೇಳಿದೆ. ಎರಡು ವರ್ಷದ ಗುಟ್ಟು ಹೊರಗೆ ಬಿದ್ದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಅಂವಾ ಹೂಂ ಅನ್ನಲಿಲ್ಲಂದ್ರ?" ಎಂದು ಬಸಲಿಂಗ ಕೇಳಿದ.

"ಅನ್ನಲಿಲ್ಲಂದ್ರ ಹುಲಗಪ್ಪನ ಬಾಜೂಕ ಕುಂತು ಉಳ್ಳಾಗಡ್ಡಿ ಸುಲೀತೇನಿ. ಆದ್ರ ಹೇಳದ ಬಿಡೂದಿಲ್ಲ. ಒಮ್ಮೆ ಸುಮ್ಮ ನಿಂತದ್ದು ಸಾಕಾಗೈತಿ."

ಹುಲಗಪ್ಪ ತನ್ನ ಖೋಲಿಗೆ ಹೋಗಿ ಟ್ರಂಕಿನಿಂದ ಸುತ್ತಿಟ್ಟ ಒಂದು ಪೈಪು ತಂದ. ಒಳಗಿನ ನೀರು ಕಾಣುವಂಥ ಪಾರದರ್ಶಕ ಪೈಪು, ಬೆರಳು ಗಾತ್ರದ್ದು, ಬಿಸಿಲಿಗೆ ಸ್ವಲ್ಪ ಹಳದಿಯಾಗಿತ್ತು. ಲೇಸರು ಬರುವ ಮೊದಲು ಗೌಂಡಿಗಳು ಮನೆಯ ಈ ಮೂಲೆಯಿಂದ ಆ ಮೂಲೆಗೆ ಮಟ್ಟ ಒಯ್ಯುತ್ತಿದ್ದುದು ಇದರಿಂದಲೇ. ಪೈಪಿಗೆ ನೀರು ತುಂಬಿ ಇಬ್ಬರು ಎರಡು ತುದಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಒಬ್ಬನಿಗೆ ತನ್ನ ತುದಿ ಮಾತ್ರ ಕಾಣುತ್ತದೆ, ಆ ತುದಿಯವನ ಮಾತನ್ನು ನಂಬಲೇಬೇಕು. ಅದಕ್ಕೊಂದು ಕಟ್ಟಳೆ ಇತ್ತು: ನೀರು ಆಡುವುದು ನಿಂತಾಗ ಒಬ್ಬ 'ನಿಂತೈತಿ' ಎನ್ನಬೇಕು, ಆ ಕಡೆಯವನೂ 'ನಿಂತೈತಿ' ಎಂದ ಮೇಲೇ ಗೆರೆ ಎಳೆಯಬೇಕು. ಬೇರೆಲ್ಲಿ ಬೇಕಾದರೂ ಸುಳ್ಳು ಹೇಳಲಿ, ಪೈಪು ಹಿಡಿದವನು ಹೇಳಬಾರದು.

"ಒಬ್ಬರಿಂದ ಆಗೂ ಕೆಲಸಲ್ಲವಾ ಇದು," ಎಂದ ಹುಲಗಪ್ಪ, ಪೈಪನ್ನು ನನ್ನ ಕೈಗಿಡುತ್ತ. "ಅಂವನೂ ಗೌಂಡ್ಯಾರ ಮಗನಽ ಅಂತ ಕೇಳೇನಿ. ತುದಿ ಕೈಯಾಗ ಕೊಟ್ಟ ನೋಡು."

ಶುಕ್ರವಾರ ಬೆಳಗ್ಗೆ ಉಪಾಧ್ಯೆಯವರಿಗೆ ಒಂದು ಅರ್ಜಿ ಕೊಟ್ಟೆ. ಕತ್ತರಿಸುವ ಮೊದಲು ಅಂತರವನ್ನು ಇನ್ನೊಂದು ವಿಧಾನದಿಂದಲೂ ಅಳೆಯಬೇಕು, ವಿಧಾನ ನೀರಿನ ಪೈಪು, ಎರಡು ಕಂಪನಿಯಿಂದ ಒಬ್ಬೊಬ್ಬರು ಬೇಕು. ಅವರು ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು, ಈ ಸಲ ಒರೆಸದೆ ಮೇಜಿನ ಮೇಲಿಟ್ಟು ಸಹಿ ಹಾಕಿದರು. ಇಬ್ಬರು ಒಟ್ಟಿಗೆ ಅಳೆಯುವಾಗ ಎರಡೂ ದಂಡೆಯ ಹೆಲ್ಮೆಟ್ಟುಗಳನ್ನು ಒಂದೇ ಸಾಲಿಗೆ ಜೋಡಿಸಬೇಕೆಂಬ ನಿಯಮ ಇದೆ, ಯಾರೂ ಗುಟ್ಟು ಮಾತಾಡಬಾರದು ಎಂದು. ಅಂದರೆ ನಾನು ಆಡುವ ಮಾತು ಇನ್ನೂರು ಜನರ ಕಿವಿಗೆ ಬೀಳುತ್ತದೆ. ನನಗೆ ಬೇಕಾಗಿದ್ದೂ ಅದೇ.

ಬಿಸಿಲೇರಿದರೆ ಕಾಂಕ್ರೀಟು ಹಿಗ್ಗುತ್ತದೆ, ಅದಕ್ಕೆ ಎಂಟು ಗಂಟೆಗೇ ತುದಿಗೆ ಹೋದೆ. ಕೆಳಗೆ ಹೊಳೆ ಕೆಂಪಗೆ ಹರಿಯುತ್ತಿತ್ತು, ಮೇಲಿನ ಸೀಮೆಯಲ್ಲಿ ಮಳೆ ಶುರುವಾಗಿರಬೇಕು. ಆರು ಮೀಟರು ಆಚೆ ದಸ್ತಗೀರ ನಿಂತಿದ್ದ. ಎತ್ತರದ ಆಳು, ಗಡ್ಡ ಅರ್ಧ ಬೆಳ್ಳಗಾಗಿತ್ತು. ನಾಲ್ಕು ವರ್ಷ ದೂರದಿಂದ ಹಳದಿ ಹೆಲ್ಮೆಟ್ಟಾಗಿ ಮಾತ್ರ ನೋಡಿದವನ ಮುಖದಲ್ಲಿ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಕಂಡಿತು. ನನ್ನ ಮುಖದಲ್ಲೂ ಅದೇ ಇದ್ದೀತು. ಹಗ್ಗದ ತುದಿಗೆ ಪೈಪು ಕಟ್ಟಿ ಎಸೆದೆ. ಹಿಡಿದುಕೊಂಡು, ಅದನ್ನು ತಿರುಗಿಸಿ ನೋಡಿದ. ಆಮೇಲೆ ಯಾರೂ ಹೇಳಿಕೊಡದೆ ಪೈಪನ್ನು ಬೆರಳಿನಿಂದ ಬಡಿದು ಒಳಗಿನ ಗಾಳಿಗುಳ್ಳೆಗಳನ್ನು ಹೊರಗೆ ಕಳಿಸಿದ. ಚಿಕ್ಕಂದಿನಲ್ಲಿ ಪೈಪು ಹಿಡಿದವನೇ.

ನೀರು ಮೇಲೆ ಕೆಳಗೆ ಆಡಿತು, ನಿಧಾನವಾಯಿತು.

"ನಿಂತೈತ್ರಿ," ಎಂದೆ.

"ನಿಂತೈತ್ರಿ," ಎಂದ. ದನಿ ತೆಳುವಾಗಿತ್ತು, ಅಷ್ಟು ದೊಡ್ಡ ಆಳಿಗೆ ಹೊಂದದ ದನಿ.

ಗೆರೆ ಎಳೆದೆವು. ಅಂತರ ಎಂಟೇ. ಪೈಪನ್ನು ನಾನು ಕೆಳಗಿಡಲಿಲ್ಲ.

"ಪೈಪು ಹಿಡಕೊಂಡ ಒಂದ ಮಾತು ಹೇಳತೇನ್ರಿ. ನಮ್ಮ ತೋಳು ಬಾಗಿಲ್ಲ. ಹನ್ನೊಂದರಿಂದ ಮೂವತ್ತನೇ ಬ್ಲಾಕಿನ ತನಕಾ, ಬ್ಲಾಕಿಗೆ ನಾಕ ಮಿಲಿಮೀಟರ ನಾನ ಇಳಿಸೇನಿ. ನಿಮ್ಮ ಕಂಬ ತಗ್ಗಿನ್ಯಾಗ ಕಂಡಿತ್ತು. ನಿಮ್ಮನ್ನ ಕೇಳಬೇಕಾಗಿತ್ತು, ಅಂಜಿ ಕೇಳಲಿಲ್ಲ."

ಹೆಲ್ಮೆಟ್ಟಿನಲ್ಲಿ ನಿಷ್ಪಕ್ಷದ ಸಮನಾದ ದನಿ ಬಂತು. ಕಲಂ ಹದಿನೇಳರ ಪ್ರಕಾರ ನಾನು ತಿಳಿದವಳಾಗುತ್ತೇನೆ, ಹೇಳಿಕೆಯನ್ನು ಖಚಿತಪಡಿಸಬೇಕು ಎಂದಿತು. ಖಚಿತ ಎಂದೆ. ಎರಡೂ ದಂಡೆಯಲ್ಲಿ ಕೆಲಸದ ಸದ್ದು ನಿಂತಿತ್ತು. ದಸ್ತಗೀರ ನನ್ನನ್ನು ನೋಡುತ್ತಿರಲಿಲ್ಲ, ತನ್ನ ತುದಿಯ ನೀರನ್ನು ನೋಡುತ್ತಿದ್ದ. ಬಾಯಿ ಬಿಡಲಿಲ್ಲ. ಹೊತ್ತು ಹೋಯಿತು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಹುಲಗಪ್ಪ ಅವತ್ತು ಎಷ್ಟು ಒಂಟಿಯಾಗಿದ್ದಿರಬೇಕು ಎಂದು ಆಗ ತಿಳಿಯಿತು.

ಅಷ್ಟರಲ್ಲಿ ನನ್ನ ಪೈಪಿನ ನೀರು ಅಲುಗಿತು. ನನ್ನ ಕೈ ಅಲುಗಿರಲಿಲ್ಲ. ಆ ತುದಿಯಲ್ಲಿ ಅವನ ಕೈ ನಡುಗುತ್ತಿತ್ತು, ಅದು ನನ್ನ ತುದಿಯ ನೀರಿನಲ್ಲಿ ಕಾಣುತ್ತಿತ್ತು.

"ನಾ ಏರಿಸೇನ್ರಿ ಅಕ್ಕಾರ," ಎಂದ. "ನಿಮ್ಮ ಕಂಬ ಎತ್ತರ ಕಂಡಿತ್ತು. ನಾನೂ ಅಷ್ಟ ಬ್ಲಾಕು, ನಾಕ ನಾಕ ಮಿಲಿಮೀಟರ. ನಿನ್ನೆಯಿಂದ, ನಾನಽ ಕೆಡಿಸಿಬಿಟ್ಟೆ ಅಂತ ತಿಳದು ಊಟ ಸೇರಿಲ್ಲ. ಖಚಿತ ಅಂತ ಬರಕೋ."

ಕೊನೆಯ ಮಾತು ನಿಷ್ಪಕ್ಷಕ್ಕೆ.

ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ, ಯಾರೂ ಎಣಿಸಿರಲಿಲ್ಲ. ನಮ್ಮ ಅಚ್ಚು ಕೂರಿಸುವ ಬಡಗಿ ಭೀಮಶಿಯ ದನಿ ಹೆಲ್ಮೆಟ್ಟಿನಲ್ಲಿ ಕೇಳಿತು. ಆ ನಾಲ್ಕು ಮಿಲಿಮೀಟರ್ ತನ್ನ ಕೈಯಿಂದಲೇ ಇಳಿದದ್ದು, ಗೊತ್ತಿದ್ದೂ ಕೇಳಲಿಲ್ಲ, ತನ್ನನ್ನೂ ಬರೆದುಕೊಳ್ಳಬೇಕು ಎಂದ. ಆ ದಂಡೆಯ ಬಡಗಿಗಳು, ಕೇಬಲ್ಲು ಬಿಗಿಯುವವರು, ಎರಕ ಹೊಯ್ಯುವವರು, ಒಬ್ಬೊಬ್ಬರಾಗಿ ತಮ್ಮ ಹೆಸರು, ಬ್ಲಾಕಿನ ಸಂಖ್ಯೆ, ತಮಗೆ ತಿಳಿದದ್ದು ಎಲ್ಲ ಹೇಳತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಿದ್ದವರೆಲ್ಲ ಈಗ ಕುಂಬಳಕಾಯಿಯನ್ನೇ ತಂದು ಮುಂದಿಟ್ಟರು. ಹತ್ತೂವರೆಗೆ ನಕ್ಷೆಯ ಕಂಪನಿಯ ರೇವತಿ ಕಾಮತ್ ಎಂಬಾಕೆ ತನ್ನ ದೂರದ ಕಚೇರಿಯಿಂದ ಮಾತಾಡಿದಳು. ಎತ್ತರ ಬದಲಾದಾಗ ತಾನು ಒಂದೇ ದಂಡೆಯ ನಕ್ಷೆ ತಿದ್ದಿ ಕಳಿಸಿದ್ದು, ಆರು ತಿಂಗಳ ಮೇಲೆ ಅದು ತಿಳಿದರೂ ಸುಮ್ಮನಿದ್ದುದು, ಎಲ್ಲವನ್ನೂ ಹೇಳಿ ಅತ್ತಳು. ಕೊನೆಯ ದನಿ ಉಪಾಧ್ಯೆಯವರದು. ನನಗೂ ಅನುಮಾನ ಇತ್ತು, ಖಚಿತ, ಎಂದಷ್ಟೇ ಹೇಳಿದರು.

ನಿಷ್ಪಕ್ಷ ಮಧ್ಯಾಹ್ನದ ತನಕ ಲೆಕ್ಕ ಹಾಕಿತು. ಯಂತ್ರವನ್ನು ನಾನು ಬಯ್ಯುವುದಿಲ್ಲ, ಅದಕ್ಕೆ ಹೇಳಿದ್ದನ್ನು ಅದು ನೆಟ್ಟಗೆ ಮಾಡಿತು. ಪ್ರತಿ ಹೇಳಿಕೆಯನ್ನೂ ಕಿವಿಕಾಳುಗಳ ಲೆಕ್ಕದೊಡನೆ ಹೋಲಿಸಿ, ಎಲ್ಲವೂ ತಾಳೆಯಾಗುತ್ತವೆ, ಎರಡು ತೋಳೂ ಬಾಗಿಲ್ಲ, ಕಾಂಕ್ರೀಟು ಗಟ್ಟಿ ಇದೆ ಎಂದಿತು. ಗರಗಸದ ಆದೇಶ ರದ್ದಾಯಿತು. ಆಮೇಲೆ ಹೊಣೆ. ಪಾಲು ಇರುವುದು ನೂರೇ, ತಿಳಿದವರು ಇನ್ನೂರ ಹನ್ನೆರಡು ಮಂದಿ. ರೇವತಿಗೆ ಹತ್ತೊಂಬತ್ತು, ನನಗೆ ಹದಿನಾಲ್ಕು, ದಸ್ತಗೀರನಿಗೆ ಹದಿನಾಲ್ಕು, ಉಳಿದವರಿಗೆ ಕಾಲು ಅರ್ಧ. ಇಪ್ಪತ್ತು ದಾಟಿದವರು ಒಬ್ಬರೂ ಇಲ್ಲ. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ. ಹುಲಗಪ್ಪನ ಹೊರೆಯನ್ನು ಅವತ್ತೇ ಹೀಗೆ ಹಂಚಿಕೊಂಡಿದ್ದರೆ ಅವನ ಕೈಯಲ್ಲಿ ಇನ್ನೂ ಕರಣೆ ಇರುತ್ತಿತ್ತು. ಆ ಹದಿನಾಲ್ಕು ನನ್ನ ಹೆಸರಿನ ಮುಂದೆ ನಾನು ಸಾಯುವ ತನಕ ಇರುತ್ತದೆ, ಇರಲಿ.

ಅಂತರ ಮುಚ್ಚಿದ್ದು ನಾಲ್ಕನೆಯ ದಿನ. ತೋಳು ಗಟ್ಟಿ ಎಂದು ತಿಳಿದ ಮೇಲೆ ಅದೇನು ದೊಡ್ಡ ಕೆಲಸವಲ್ಲ. ದಸ್ತಗೀರನ ತುದಿಯ ಮೇಲೆ ನೀರಿನ ಟಾಕಿಗಳನ್ನು ಇಟ್ಟು ತುಂಬಿಸುತ್ತ ಹೋದರು, ಅದು ನಾಲ್ಕು ಸೆಂಟಿಮೀಟರ್ ತಗ್ಗಿತು. ನನ್ನ ತುದಿಯ ಮೇಲಿದ್ದ, ಎರಕದ ಅಚ್ಚು ಹಿಡಿಯುವ ಭಾರದ ಯಂತ್ರವನ್ನು ಹಿಂದಕ್ಕೆ ಎಳೆದರು, ಅದು ನಾಲ್ಕು ಸೆಂಟಿಮೀಟರ್ ಎದ್ದಿತು. ಅಷ್ಟೂ ಹೊತ್ತು ನಾವಿಬ್ಬರು ಪೈಪು ಹಿಡಿದು ನಿಂತಿದ್ದೆವು. ಲೇಸರು ಇತ್ತು, ಆದರೂ ಪೈಪು ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಎರಡು ಗೆರೆ ಒಂದಾದಾಗ ಅವನು ಮೊದಲು 'ನಿಂತೈತ್ರಿ' ಎಂದ.

ಕಲಂ ಹದಿನೇಳು ಇನ್ನೂ ಇದೆ. ಅದನ್ನು ತೆಗೆಸಲು ಇನ್ನೂರ ಹನ್ನೆರಡು ಜನ ಸಹಿ ಹಾಕಿ ಕಳಿಸಿದ್ದೇವೆ, ಮೊದಲ ಸಹಿ ಉಪಾಧ್ಯೆಯವರದು. ಹುಲಗಪ್ಪನ ಹೆಸರು ಪಟ್ಟಿಗೆ ಮರಳಿ ಬರಲಿ ಎಂದೂ ಅದರಲ್ಲೇ ಬರೆದಿದ್ದೇವೆ. ಉತ್ತರ ಬರುವ ತನಕ ಕಾಯುತ್ತ ಕೂರಲಿಲ್ಲ. ದಿನಾ ಎಂಟು ಗಂಟೆಗೆ ಎರಡು ದಂಡೆಯವರೂ ಸೇರುತ್ತಾರೆ, ಪೈಪಿನ ಒಂದು ತುದಿ ಅವರು, ಒಂದು ತುದಿ ನಾವು ಹಿಡಿಯುತ್ತೇವೆ. ನಿನ್ನೆ ಏನು ಕೆಟ್ಟಿತು ಎಂದು ಹೆಲ್ಮೆಟ್ಟಿನಲ್ಲೇ, ಬರೆದುಕೊಳ್ಳುವುದಿದ್ದರೆ ಬರೆದುಕೊಳ್ಳಲಿ ಎಂದು, ಒಬ್ಬೊಬ್ಬರೂ ಹೇಳುತ್ತಾರೆ.

ಅಂತರ ಮುಚ್ಚಿದ ದಿನ ಮಧ್ಯಾಹ್ನ ಉತ್ತರ ದಂಡೆಯವರು ಊಟಕ್ಕೆ ನಮ್ಮ ಖಾನಾವಳಿಗೆ ಬಂದರು. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತಿತ್ತು. ಹುಲಗಪ್ಪ ಉಳ್ಳಾಗಡ್ಡಿ ಬಿಟ್ಟು ಬಡಿಸಲು ನಿಂತಿದ್ದ, ದಸ್ತಗೀರ ಬಾಗಿಲಲ್ಲಿ ಕೈ ತೊಳೆಯುತ್ತಿದ್ದ. ಬಸಲಿಂಗ ಒಂದು ಹಿಡಿ ಉಪ್ಪು ಹಾಕಿ ಸೌಟು ತಿರುವಿದ. ಆಮೇಲೆ ಆ ಸಣ್ಣ ಡಬ್ಬಿಯ ಕೆಳಗೇ ಹೋಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ.

"ಸಾರಿಗೆ ಉಪ್ಪು ಮೊದಲ ಮರತಿದ್ದೆ, ಈಗ ನಾನ ಹಾಕೇನಿ. ಇನ್ನ ಯಾರೂ ಹಾಕಬ್ಯಾಡ್ರಿ."